ಬಿಸಿಲು ಕಾಣದ ಕೆಂಪು

ನಮ್ಮವರಿಗೆ ಹಳೆಯ ಮಸಲ್ ಕಾರಿನ ಹುಚ್ಚು ಹಿಡಿದದ್ದು ನಾವು ಡಲ್ಲಾಸಿನ ಪಕ್ಕದ ಪ್ಲೇನೋದಲ್ಲಿ ಮನೆ ಕೊಂಡ ಮೇಲೆ. ಉಳಿದ ಗಂಡಸರು ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಇಟ್ಟುಕೊಂಡರೆ, ಇವರು ಹ್ಯೂಸ್ಟನ್ನಿನ ಗುಜರಿಯೊಂದರಿಂದ ಅರವತ್ತರ ದಶಕದ ಕಾರೊಂದನ್ನು ಟ್ರೇಲರ್ ಮೇಲೆ ಹೇರಿಸಿಕೊಂಡು ಬಂದರು. ಉದ್ದ ಮೂತಿ, ದೊಡ್ಡ ಎಂಜಿನ್, ಮೈತುಂಬ ತುಕ್ಕು. ಮೇಲೆ ಯಾರೋ ಕಪ್ಪು ಬಳಿದಿದ್ದರು, ಅದರ ಕೆಳಗೆ ಇನ್ನಾರೋ ನೀಲಿ ಬಳಿದಿದ್ದರು. ನನ್ನ ಹೊಸ ವ್ಯಾನು ಅವತ್ತೇ ಬೀದಿಪಾಲಾಯಿತು.

ಕಾರ್ಖಾನೆಯಿಂದ ಹೊರಬಂದಾಗ ಅದು ಕೆಂಪಗಿತ್ತು ಎಂದು ಎಂಜಿನ್ ಹಿಂದಿನ ತಗಡಿನಲ್ಲಿ ಕೆತ್ತಿದ್ದ ಬಣ್ಣದ ಕೋಡ್ ಹೇಳುತ್ತಿತ್ತು. ಹಾಗಾದರೆ ಅಂಗಡಿಗೆ ಹೋಗಿ ಡಬ್ಬಿ ತಂದರಾಯಿತಲ್ಲ ಎಂದೆ. ಅಷ್ಟು ಸುಲಭವಲ್ಲವಂತೆ. ಅದೇ ಕೋಡಿನ ಕೆಂಪು ಒಂದೊಂದು ಕಾರ್ಖಾನೆಯಲ್ಲಿ ಒಂದೊಂದು ತರಹ ಇರುತ್ತಿತ್ತಂತೆ, ಆ ಕಾಲದ ಪೇಂಟ್ ಈಗ ಬರುವುದೇ ಇಲ್ಲವಂತೆ. ಅದಕ್ಕೇ ಕಾರಿನಲ್ಲಿ ಬಿಸಿಲು ತಾಗದ ಜಾಗ ಹುಡುಕಿ, ಅಲ್ಲಿ ಉಳಿದ ಬಣ್ಣಕ್ಕೆ ಹೊಂದಿಸಬೇಕು. ಒಂದು ಭಾನುವಾರ ಡಿಕ್ಕಿಯ ಅಂಚಿನ ರಬ್ಬರ್ ಕಿತ್ತು, ನನ್ನನ್ನು ಅಡುಗೆಮನೆಯಿಂದ ಕರೆದು ತೋರಿಸಿದರು. ಎರಡು ಬೆರಳಗಲದ ಪಟ್ಟಿ, ಗಿಡದಲ್ಲೇ ಹಣ್ಣಾದ ಮೆಣಸಿನಕಾಯಿಯ ಕೆಂಪು. ಅವತ್ತು ಅವರ ಮುಖದಲ್ಲಿದ್ದ ಹಿಗ್ಗು ಮಗಳು ಹುಟ್ಟಿದಾಗಲೂ ಇರಲಿಲ್ಲ ಎಂದು ನಾನು ಛೇಡಿಸಿದ್ದೆ.

ಬೇಸಿಗೆ ಕಳೆಯುವ ಹೊತ್ತಿಗೆ ಡಲ್ಲಾಸಿನ ಪೇಂಟರ್ ಒಬ್ಬ ಬಣ್ಣ ಬೆರೆಸಿ, ತಗಡಿನ ತುಂಡಿಗೆ ಹೊಡೆದು ತಂದ. ನಮ್ಮವರು ಬಿಸಿಲಿಗೆ ಹಿಡಿದು ನೋಡಿ, ಸತ್ತ ಬಣ್ಣ ಎಂದರು. ಮತ್ತೆ ಬೆರೆಸಿದ, ಮತ್ತೆ ಅದೇ ಮಾತು. ಪಾಪ, ಸಮಾಧಾನದ ಮನುಷ್ಯ. ಕೊನೆಗೆ ತಗಡನ್ನು ಡಿಕ್ಕಿಯ ಪಟ್ಟಿಯ ಪಕ್ಕದಲ್ಲೇ ಹಿಡಿದ. ನನಗೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ನಮ್ಮವರು ಬಹಳ ಹೊತ್ತು ನೋಡಿ, ರಬ್ಬರ್ ತೆಗೆದ ಮೇಲೆ ಗಾಳಿ ತಾಗಿ ಈ ಪಟ್ಟಿಯೂ ಮಾಸಿಹೋಗಿದೆ ಎಂದರು. ಪೇಂಟರ್ ನನ್ನ ಮುಖ ನೋಡಿದ. ಇವರ ಹಟ ಬಲ್ಲ ನಾನು ನಕ್ಕೆ.

ಅಲ್ಲಿಂದ ಕಾರು ಬಿಚ್ಚುವುದು ಶುರುವಾಯಿತು. ಬಿಸಿಲು, ಗಾಳಿ ಎರಡೂ ಕಾಣದ ಕೆಂಪು ಎಲ್ಲೋ ಒಂದು ಕಡೆ ಇದ್ದೇ ಇರಬೇಕು ಎಂದು ಬಾಗಿಲ ಕೆಳಗಿನ ಪಟ್ಟಿ ತೆಗೆದರು, ಹಿಂದಿನ ದೀಪಗಳನ್ನು ಕಿತ್ತರು. ಆಫೀಸಿನಿಂದ ಬಂದವರೇ ಶೂ ಕೂಡ ಕಳಚದೆ ಗ್ಯಾರೇಜಿಗೆ ನುಗ್ಗುತ್ತಿದ್ದರು. ಬಿಚ್ಚಿದ ಕಡೆಯೆಲ್ಲ ನನಗೆ ಕೆಂಪು ಕಾಣುತ್ತಿತ್ತು. ಅವರು ಉಗುರಿನಿಂದ ಕೆರೆದು, ಇದೂ ಹೋಗಿದೆ ಎನ್ನುತ್ತಿದ್ದರು. ಜೋಡಿಸಲೆಂದು ತಂದ ಕಾರನ್ನು ಹೀಗೆ ಚಿಂದಿ ಮಾಡುತ್ತೀರಲ್ಲ ಎಂದು ನಾನು ಜಗಳಕ್ಕೆ ನಿಂತೆ. ಜಗಳಕ್ಕೂ ಅವರು ಮನಸ್ಸು ಕೊಡಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ಬೂದು ಪ್ರೈಮರ್ ಹೊಡೆದ ಬಾನೆಟ್ ಮೇಲೆ ನಾನು ಅರಿಸಿನದಲ್ಲಿ ಸ್ವಸ್ತಿಕ ಬರೆದು ಕುಂಕುಮ ಇಟ್ಟೆ. ಹಿಂದಿನ ವಾರವಷ್ಟೇ ಇಂಡಿಯನ್ ಅಂಗಡಿಯಿಂದ ತಂದ ಪೊಟ್ಟಣ, ಕಣ್ಣಿಗೆ ಹೊಡೆಯುವ ಕೆಂಪು. ಊದುಬತ್ತಿ ಹಚ್ಚುತ್ತಿದ್ದವರು ಬಗ್ಗಿ ನೋಡಿದರು.

"ಇದೇನ, ಕುಂಕುಮಾ ಬಿಟ್ಟು ಕಾಚಿನ ಪುಡಿ ಹಚ್ಚೀಯಲ್ಲ?"

ಅಪ್ಪ ತಮಾಷೆ ಮಾಡುತ್ತಿದ್ದಾರೆಂದು ಮಗಳು ನಕ್ಕಳು. "ಡ್ಯಾಡ್, ಇಟ್ಸ್ ಸೋ ರೆಡ್," ಎಂದಳು. ಅವರು ನಗಲಿಲ್ಲ. ಮೆಲ್ಲಗೆ ತಲೆಯೆತ್ತಿ ನನ್ನ ಹಣೆಯ ಕುಂಕುಮವನ್ನೇ ನೋಡಿದರು. ನನಗೆ ಥಟ್ಟನೆ ಹುಬ್ಬಳ್ಳಿ ನೆನಪಾಯಿತು.

ಹುಬ್ಬಳ್ಳಿಯಲ್ಲಿ ಅವರ ಸೋದರಮಾವ ಇದ್ದರು, ತಾಯಿಯ ಅಣ್ಣ. ನಾನು ಮದುವೆಯಾಗಿ ಹೋಗುವ ಹೊತ್ತಿಗೆ ಅವರಿಗೆ ಕಣ್ಣು ಹೋಗಿತ್ತು. ಹುಟ್ಟುಗುರುಡರಲ್ಲ. ಸೀರೆ ಅಂಗಡಿ ನಡೆಸುತ್ತಿದ್ದವರು. ಇವರಷ್ಟೇ ವಯಸ್ಸಿನಲ್ಲಿ ಒಮ್ಮೆ, ಇಳಕಲ್ ಸೀರೆಗಳ ಸೆರಗಿನ ಕೆಂಪು ಮಾಸಿದೆ ಎಂದು ನೇಕಾರರಿಗೆ ವಾಪಸು ಕಳಿಸತೊಡಗಿದರಂತೆ. ವರ್ಷ ತುಂಬುವುದರೊಳಗೆ ಎದುರು ಕೂತವರ ಮುಖ ಕಾಣದಾಯಿತಂತೆ. ನಮ್ಮವರ ತಾಯಿಯ ಕಡೆ ಇನ್ನೊಬ್ಬರಿಗೂ ಹೀಗೇ ಆಗಿತ್ತು. ಇದನ್ನೆಲ್ಲ ನನಗೆ ಹೇಳಿದವರು ನಮ್ಮವರೇ.

ಮಗಳು ಒಳಗೆ ಹೋದ ಮೇಲೆ, ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಬಾನೆಟ್ಟಿಗೆ ಒರಗಿ ನೆಲ ನೋಡುತ್ತ ನಿಂತಿದ್ದರು.

"ತಪ್ಪು ಕಾರಿಂದ ಇರಲಿ ಅಂತ ಬಿಚ್ಚಲಿಕ್ಕತ್ತಿದ್ದೆ," ಎಂದರು.

ನಾಳೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದೆ. ಒಪ್ಪಲಿಲ್ಲ. ಆಸ್ಟಿನ್ನಿನಲ್ಲಿ ಹಳೆಯ ಕಾರುಗಳ ಬಣ್ಣವನ್ನೇ ಕಸುಬು ಮಾಡಿಕೊಂಡ ಒಬ್ಬನಿದ್ದಾನೆ, ಅವನಿಗೊಮ್ಮೆ ತೋರಿಸಿಬಿಡುತ್ತೇನೆ ಎಂದು ಅಂಗಲಾಚಿದರು. ನನಗೆ ಬುದ್ಧಿ ಇದ್ದಿದ್ದರೆ ಹಟ ಹಿಡಿಯಬೇಕಿತ್ತು. ಆದರೆ ಆ ದಿನಗಳಲ್ಲಿ ನಾನೂ ಹುಚ್ಚಿಯಾಗಿದ್ದೆ. ಬೇರೆ ಅಂಗಡಿಯಿಂದ ಬೇರೆ ಕುಂಕುಮ ತಂದೆ. ಗ್ಯಾರೇಜಿನ ಟ್ಯೂಬ್‌ಲೈಟ್ ಬದಲಾಯಿಸಿದೆ. ದೇವರೇ, ಡಲ್ಲಾಸಿನವನು ಕಳ್ಳನಾಗಿರಲಿ, ಕುಂಕುಮ ಕಲಬೆರಕೆಯಾಗಿರಲಿ ಎಂದು ದೀಪದ ಮುಂದೆ ಕೂತು ಬೇಡಿಕೊಂಡೆ.

ಆಸ್ಟಿನ್ನಿಗೆ ನಾನೇ ಡ್ರೈವ್ ಮಾಡಿದೆ. ಕಾರಿನ ದೀಪದ ಹಿಂದಿನಿಂದ ಬಿಚ್ಚಿದ್ದ ಒಂದು ತಗಡನ್ನು ನನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಆಸ್ಟಿನ್ನಿಗೆ ಮುಂಚಿನ ರೌಂಡ್ ರಾಕ್ ಊರು ದಾಟುವವರೆಗೂ ಅವರು ತೊಡೆಯ ಮೇಲಿಂದ ಇಳಿಸಲಿಲ್ಲ. ರಸ್ತೆಯ ಬೋರ್ಡುಗಳನ್ನು ನಾನೇ ಜೋರಾಗಿ ಓದಿಕೊಳ್ಳುತ್ತಿದ್ದೆ. ಇವರು ಹೂಂ ಎನ್ನುತ್ತಿದ್ದರು.

ಪೇಂಟ್ ಅಂಗಡಿಯವನ ಬಳಿ ಬಣ್ಣ ಓದುವ ಯಂತ್ರವಿತ್ತು. ಅದನ್ನು ನಮ್ಮ ತಗಡಿನ ಮೇಲೆ ಒತ್ತಿ ಓದಿಸಿ, ಬಣ್ಣ ಬೆರೆಸಿ, ಒಂದು ತುಂಡಿಗೆ ಹೊಡೆದು ಒಣಗಿಸಿದ. ಮಧ್ಯಾಹ್ನ ಹೊರಗೆ ಬರುವಾಗಲೇ ಅವನ ಮುಖ ಅರಳಿತ್ತು. ನಮ್ಮನ್ನು ಅಂಗಡಿಯ ಹಿಂದಿನ ಬಿಸಿಲಿಗೆ ಕರೆದುಕೊಂಡು ಹೋಗಿ, ಹಳೆಯದನ್ನೂ ಹೊಸದನ್ನೂ ನಮ್ಮವರ ಎರಡು ಕೈಗಿಟ್ಟ. ಇಷ್ಟು ಚೆನ್ನಾಗಿ ಹೊಂದಿದ್ದು ಅಪರೂಪ ಎಂದ.

ನಮ್ಮವರು ತಗಡುಗಳನ್ನು ಹತ್ತಿರ ಹಿಡಿದರು, ದೂರ ಹಿಡಿದರು, ತಲೆ ಓರೆ ಮಾಡಿ ನೋಡಿದರು. ಆಮೇಲೆ ಅವನಿಗೆ ಬೆನ್ನು ತಿರುಗಿಸಿ ನನ್ನ ಹತ್ತಿರ ಬಂದರು.

"ಖರೇ ಹೇಳು. ಇದು ಕೆಂಪ ಅದ ಏನು?"

ಇಲ್ಲ, ಇದೂ ಸತ್ತ ಬಣ್ಣವೇ ಎಂದುಬಿಟ್ಟರೆ ಸಾಕಿತ್ತು. ಮನೆಗೆ ಹೋಗಿ ಇನ್ನಷ್ಟು ದಿನ ಕಾರು ಬಿಚ್ಚುತ್ತ ಇರಬಹುದಿತ್ತು. ಆ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಅವರು ನನ್ನ ಮುಖ ನೋಡುತ್ತಿದ್ದರು, ಆದರೆ ನೋಟ ನನ್ನ ಕಿವಿಯ ಪಕ್ಕಕ್ಕೆ ಜಾರಿತ್ತು.

"ಕೆಂಪ ಅದರಿ," ಎಂದೆ. "ಭಾಳ ಕೆಂಪ ಅದ."

ಅವರು ತಲೆಯಾಡಿಸಿದರು. ಅಂಗಡಿಯವನ ಕಡೆ ತಿರುಗಿ, ಬಣ್ಣ ತುಂಬ ಚೆನ್ನಾಗಿ ಹೊಂದಿದೆ ಎಂದು ಇಂಗ್ಲಿಷಿನಲ್ಲಿ ಹೊಗಳಿ ಕೈ ಕುಲುಕಿದರು. ಅವನು ಖುಷಿಯಿಂದ ನಗುತ್ತಲೇ ಇದ್ದ. ಮುಂದೆ ಹ್ಯೂಸ್ಟನ್ನಿನ ಡಾಕ್ಟರು ಕಣ್ಣಿನ ಚಿತ್ರ ಬರೆದು, ನರದ ಮೇಲೆ ಗೆರೆ ಎಳೆದು ವಿವರಿಸುವಾಗ ನಮ್ಮವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಉತ್ತರವನ್ನು ನಾನು ಆಸ್ಟಿನ್ನಿನ ಆ ಬಿಸಿಲಿನಲ್ಲೇ ಕೊಟ್ಟಾಗಿತ್ತು.