ಹಿಂದಿನ ಗೆರೆಯ ಕುರ್ಚಿ

ನಾಹಿದ ಮೇಡಂ ಹೆದರುವ ಹೆಂಗಸಲ್ಲ ಎಂದೇ ಚಿತ್ತಾಪುರದ ನಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಎಲ್ಲರೂ ನಂಬಿದ್ದರು. ಕಬಡ್ಡಿ ಆಡುವಾಗ ಹುಡುಗರು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದರೆ ನಡುವೆ ನುಗ್ಗಿ ಬಿಡಿಸುತ್ತಿದ್ದವರು ಅವರು. ಬಿಸಿಯೂಟದ ಕೋಣೆಗೆ ಹಾವು ಹೊಕ್ಕ ದಿನ ನಾವೆಲ್ಲ ಬೆಂಚಿನ ಮೇಲೆ ಹತ್ತಿ ನಿಂತಿದ್ದೆವು, ಅವರು ಹಾಕಿ ಸ್ಟಿಕ್ಕು ಹಿಡಿದು ಒಳಗೆ ಹೋಗಿದ್ದರು. ನಾನು ಅಲ್ಲಿ ಕನ್ನಡ ಕಲಿಸುತ್ತೇನೆ. ಹನ್ನೊಂದು ವರ್ಷದಿಂದ ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿ ನನ್ನದು. ಅವರು ನಿಜವಾಗಿ ಹೆದರಿದ್ದನ್ನು ಆ ಶಾಲೆಯಲ್ಲಿ ನೋಡಿದವಳು ನಾನೊಬ್ಬಳೇ ಇರಬೇಕು.

ಅವರು ಹುಟ್ಟಿ ಬೆಳೆದದ್ದು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ತಂದೆ ಅಮೀರ್ ಅಲಿ ಗೂಡ್ಸ್ ಗಾಡಿಯ ಗಾರ್ಡ್. ನೌಕರರಿಗೆಂದು ಕಟ್ಟಿದ ಹಾಲಿನಲ್ಲಿ ಒಂದು ಬ್ಯಾಡ್ಮಿಂಟನ್ ಅಂಕಣವಿತ್ತು. ಅಪ್ಪ ಡ್ಯೂಟಿ ಮುಗಿಸಿ ಆಡಲು ಹೋದಾಗ ಮಗಳೂ ಬೆನ್ನು ಹತ್ತುತ್ತಿದ್ದಳು. ಹಾಗೆ ಕಲಿತ ಆಟ ವಿಶ್ವವಿದ್ಯಾಲಯದ ತಂಡದವರೆಗೂ ಒಯ್ದಿತು. ಆಮೇಲೆ ಮಂಡಿ ನೋವು, ದೈಹಿಕ ಶಿಕ್ಷಕಿಯ ನೌಕರಿ, ರೈಲ್ವೆ ಸಿಗ್ನಲ್ ವಿಭಾಗದ ಇಮ್ರಾನ್ ಅವರೊಂದಿಗೆ ಮದುವೆ, ಮಗಳು ಸಾನಿಯಾ. ಆಡುವುದು ನಿಂತರೂ ಅಂಕಣ ಬಿಡಲು ಮನಸ್ಸು ಬರಲಿಲ್ಲ. ಪರೀಕ್ಷೆ ಬರೆದು ಲೈನ್ ಜಡ್ಜ್ ಆದರು.

ಲೈನ್ ಜಡ್ಜ್ ಎಂದರೆ ಗೆರೆಯ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಶಟಲ್ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಹೇಳುವವರು. ಹೊರಗೆ ಬಿದ್ದರೆ ‘ಔಟ್’ ಎಂದು ಕೂಗಿ ಎರಡೂ ಕೈ ಅಗಲಿಸಬೇಕು. ಒಳಗೆ ಬಿದ್ದರೆ ಮಾತಿಲ್ಲ, ಬಲಗೈ ಚಾಚಿ ಗೆರೆ ತೋರಿಸಬೇಕು. ಆಟಗಾರ್ತಿ ಅಡ್ಡ ಬಂದೋ ಮತ್ತೊಂದೋ ಆಗಿ ಕಾಣದೇ ಹೋದರೆ ಎರಡೂ ಅಂಗೈಯಿಂದ ಕಣ್ಣು ಮುಚ್ಚಿ ಅಂಪೈರಿಗೆ ತಿಳಿಸಬೇಕು. ಇವಿಷ್ಟೇ ಕೆಲಸ. ಒಂದು ನಿಮಿಷದಲ್ಲಿ ಕಲಿಯಬಹುದು ಎಂದು ನಾನು ನಕ್ಕಾಗ ಅವರು ನಕ್ಕಿರಲಿಲ್ಲ.

ಏಳು ವರ್ಷದ ಹಿಂದೆ ಧಾರವಾಡದಲ್ಲಿ ನಡೆದ ರಾಜ್ಯಮಟ್ಟದ ಪಂದ್ಯವೊಂದರಲ್ಲಿ ಅವರು ಔಟ್ ಕೊಟ್ಟು, ಹದಿನಾರು ವರ್ಷದ ಹುಡುಗಿಯೊಬ್ಬಳು ಸೋತಿದ್ದಳು. “ಆ ಶಟಲ್ ನಾ ನೋಡೇ ಇದ್ದಿಲ್ಲರಿ ಮೇಡಂ,” ಎಂದು ಎಷ್ಟೋ ದಿನದ ಮೇಲೆ ನನಗೆ ಹೇಳಿದರು. “ರೆಪ್ಪಿ ಬಡದಿತ್ತು. ಕಾಣಲಿಲ್ಲ ಅನ್ನಾಕ ನಾಚಿಕಿ ಆತು. ಅಂದಾಜಿನ ಮ್ಯಾಲ ಕೈ ಅಗಲಿಸಿಬಿಟ್ಟೆ.” ಆ ಹುಡುಗಿ ಬ್ಯಾಟು ಕೆಳಗಿಟ್ಟು ಇವರ ಮುಖವನ್ನೇ ನೋಡುತ್ತ ನಿಂತಿದ್ದಳಂತೆ. ಬೈದಿದ್ದರೆ ಒಳ್ಳೆಯದಿತ್ತು ಎಂದರು.

ಅಂಥವರಿಗೆ ಹೈದರಾಬಾದಿನಿಂದ ಕರೆ ಬಂತು. ಏಷ್ಯಾದ ದೇಶಗಳ ಪುರುಷರ ಮತ್ತು ಮಹಿಳೆಯರ ರಾಷ್ಟ್ರೀಯ ತಂಡಗಳ ಚಾಂಪಿಯನ್‌ಷಿಪ್. ಮೂರು ಸಿಂಗಲ್ಸ್, ಎರಡು ಡಬಲ್ಸ್. ಐದರಲ್ಲಿ ಮೂರು ಗೆದ್ದ ದೇಶ ಮುಂದಕ್ಕೆ. ನಮ್ಮ ಕಡೆಯಿಂದ ಆಯ್ಕೆಯಾದವರು ಇಬ್ಬರೇ: ನಾಹಿದ ಮೇಡಂ ಮತ್ತು ಸೇಡಂನ ಅಂಬರಾಯ ಎಂಬ ಇನ್ನೊಬ್ಬ ದೈಹಿಕ ಶಿಕ್ಷಕರು. ಶಾಲೆಯಲ್ಲಿ ಪೇಡೆ ಹಂಚಿದೆವು. ಇಮ್ರಾನ್ ತಾವೇ ಹೋಗಿ ಹೆಂಡತಿಗೆ ಹೊಸ ಬೂಟು ತಂದರು.

ಹೊರಡಲು ಮೂರು ವಾರವಿತ್ತು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ನೋಡುತ್ತಿದ್ದೆ.

“ಪ್ರಮಿತಾ ಮೇಡಂ, ಇಲ್ಲಿ ನೊಣ ಹಾರಾಕತ್ತದ ಏನ್ರಿ?” ಎಂದರು.

“ಇಲ್ಲಲ್ರಿ, ಯಾಕ?”

ಅವರು ಗೋಡೆಯ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು. “ಹಂಗಾದ್ರ ನನ್ನ ಕಣ್ಣಾಗೇ ಅದ. ಕರೀ ದಾರ ತೇಲಿದಂಗ ಕಾಣ್ತದ. ಎಡಗಣ್ಣು.” ಮಾತು ಸಣ್ಣದಾಗಿತ್ತು.

ಶನಿವಾರ ಶಾಲೆ ಬಿಟ್ಟ ಮೇಲೆ ಕಲಬುರಗಿಗೆ ಹೋದೆವು. ಡಾಕ್ಟರು ಕಣ್ಣಿಗೆ ಔಷಧ ಬಿಟ್ಟು, ಕತ್ತಲೆ ಕೋಣೆಯಲ್ಲಿ ಬಹಳ ಹೊತ್ತು ನೋಡಿದರು. “ಕಣ್ಣಿನ ಹಿಂದಿನ ಪರದಾ ಈಗ ಸರಿ ಅದ,” ಎಂದರು. “ಆದ್ರ ನಿಮ್ಮ ಚಷ್ಮಾದ ನಂಬರ್ ಭಾಳ ಅದ, ಮೈನಸ್ ಎಂಟು. ಇಂಥಾ ಕಣ್ಣಾಗ ಪರದಾ ತೆಳ್ಳಗ ಇರ್ತದ. ಮಿಂಚು ಹೊಡದಂಗ ಆದ್ರ, ಇಲ್ಲಾ ಮಸಿ ಉದುರಿದಂಗ ಕಂಡ್ರ, ಪರದಾ ಹರಿದದ ಅಂತ ತಿಳೀರಿ. ಅವತ್ತಿಂದವತ್ತೇ ದವಾಖಾನಿಗಿ ಬರಬೇಕು. ನಾಳಿ ಅನ್ನಂಗಿಲ್ಲ.”

“ಹೈದರಾಬಾದಿಗಿ ಹೋಗಬಹುದಾ ಸರ್?”

“ಹೋಗ್ರಿ. ಹೇಳಿದ್ದು ನೆನಪಿಡ್ರಿ, ಅಷ್ಟೇ.”

ಮರಳುವ ಬಸ್ಸಿನಲ್ಲಿ ಔಷಧದಿಂದ ಪಾಪೆ ಅಗಲವಾಗಿ, ಬಿಸಿಲು ತಡೆಯಲಾರದೆ ದುಪಟ್ಟಾ ಮುಖದ ಮೇಲೆ ಎಳೆದುಕೊಂಡಿದ್ದರು. ಶಹಾಬಾದ್ ದಾಟಿದ ಮೇಲೆ ನನ್ನ ಮುಂಗೈ ಹಿಡಿದರು. “ಇಮ್ರಾನ್‌ಗೆ ಹೇಳಬ್ಯಾಡ್ರಿ. ಹೋಗಾಕ ಬಿಡಂಗಿಲ್ಲ.”

“ಹೇಳಂಗಿಲ್ಲರಿ. ಡಾಕ್ಟರೇ ಹೋಗು ಅಂದಾರಲ್ಲ, ಯಾಕ ಅಂಜ್ತೀರಿ? ಹೋಗಿ ಬರ್ರಿ,” ಎಂದೆ. ಅಷ್ಟು ಹಗುರವಾಗಿ ಹಾಗೆ ಹೇಳಬಾರದಿತ್ತು.

ಆ ಮೂರು ವಾರ ಅವರನ್ನು ನೋಡುವುದೇ ಕಷ್ಟವಾಗಿತ್ತು. ಬೆಳಗಿನ ಗಾಡಿಯಲ್ಲಿ ವಾಡಿಯಿಂದ ಬರುವಾಗ ಒಂದು ಕಣ್ಣು ಮುಚ್ಚಿ ನಿಲ್ದಾಣದ ಫಲಕ ಓದುವುದು, ಇನ್ನೊಂದು ಮುಚ್ಚಿ ಓದುವುದು. ಪಾಠದ ನಡುವೆ ಮಾತು ನಿಲ್ಲಿಸಿ ಬಿಳಿ ಗೋಡೆಯನ್ನು ದಿಟ್ಟಿಸುವುದು. ಹುಡುಗರು ಎಸೆದ ಚೆಂಡು ಮುಖದ ಹತ್ತಿರ ಬಂದರೆ ಎರಡೂ ಕೈ ಅಡ್ಡ ಹಿಡಿಯುವುದು. ಹಾವಿಗೆ ಅಂಜದವರು ಟೆನಿಸ್ ಚೆಂಡಿಗೆ ಅಂಜತೊಡಗಿದ್ದರು.

ಇಲ್ಲಿಂದ ಮುಂದಿನದು ಅವರೂ ಅಂಬರಾಯ ಸರ್ ಅವರೂ ನನಗೆ ಹೇಳಿದ್ದು.

ಹೈದರಾಬಾದಿನಲ್ಲಿ ಮೊದಲ ದಿನದ ಸಭೆಯಲ್ಲಿ ಲೈನ್ ಜಡ್ಜ್‌ಗಳ ಮುಖ್ಯಸ್ಥರು, ಯಾರಿಗಾದರೂ ಆರೋಗ್ಯದ ತೊಂದರೆ ಇದೆಯೇ ಎಂದು ಕೇಳಿದರು. ನಲವತ್ತು ಜನ ಕೂತಿದ್ದರು. ಒಬ್ಬರೂ ಕೈ ಎತ್ತಲಿಲ್ಲ. ನಾಹಿದ ಮೇಡಂ ತಮ್ಮ ಬೂಟಿನ ತುದಿ ನೋಡುತ್ತ ಕೂತರು. ಮೂರು ದಿನ ಚೆನ್ನಾಗಿಯೇ ನಡೆಯಿತು. ದಾರ ತೇಲುತ್ತಿತ್ತು, ಆದರೆ ಶಟಲ್ ನಿಚ್ಚಳವಾಗಿ ಕಾಣುತ್ತಿತ್ತು. ಒಂದು ತಪ್ಪೂ ಆಗಲಿಲ್ಲ. ಪ್ರತಿ ಪಂದ್ಯ ಮುಗಿದಾಗ ಅಂಗೈ ಬೆವರು ಪ್ಯಾಂಟಿಗೆ ಒರೆಸಿಕೊಳ್ಳುವುದು ಮಾತ್ರ ತಪ್ಪಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹೊರಗಿನ ಬಿಸಿಲಿನಿಂದ ಕ್ರೀಡಾಂಗಣದ ಓಣಿಯಂಥ ದಾರಿಗೆ ಕಾಲಿಟ್ಟರು. ಎಡಗಣ್ಣಿನ ಮೂಲೆಯಲ್ಲಿ ಚಕ್ ಎಂದು ಬೆಳಕು ಹೊಡೆಯಿತು, ವೆಲ್ಡಿಂಗ್ ಕಿಡಿಯ ಹಾಗೆ. ಟ್ಯೂಬ್‌ಲೈಟ್ ಇರಬೇಕೆಂದು ತಲೆ ಎತ್ತಿದರು. ಅಲ್ಲಿ ದೀಪವೇ ಇರಲಿಲ್ಲ. ಹತ್ತು ಹೆಜ್ಜೆ ನಡೆದರು, ಮತ್ತೊಮ್ಮೆ ಹೊಡೆಯಿತು.

ಗೋಡೆ ಹಿಡಿದು ನಿಂತರು. ಡಾಕ್ಟರ ಮಾತು ಕಿವಿಯಲ್ಲೇ ಇತ್ತು. ಎದುರಿನ ಬೋರ್ಡಿನ ಮೇಲೆ ದಿನದ ಪಟ್ಟಿಯೂ ಇತ್ತು: ಮಹಿಳೆಯರ ಕ್ವಾರ್ಟರ್ ಫೈನಲ್, ಎರಡನೆಯ ಅಂಕಣ, ಹಿಂದಿನ ಗೆರೆ, ನಾಹಿದ. ಅಂಥ ಪಂದ್ಯದಲ್ಲಿ ಹಿಂದಿನ ಗೆರೆಯ ಕುರ್ಚಿ ಸಿಗುವುದಕ್ಕೆ ಹದಿನೈದು ವರ್ಷ ಕಾದಿದ್ದರು. ಇದೊಂದು ಮುಗಿಯಲಿ, ಮುಗಿದ ತಕ್ಷಣ ಹೋಗುತ್ತೇನೆ ಎಂದುಕೊಂಡರು.

ಅಂಬರಾಯ ಸರ್ ಹಿಂದಿನಿಂದ ಬಂದರು. “ಯಾಕ್ರಿ ಮೇಡಂ, ಮುಖ ಬಿಳಚಿಕೊಂಡದಲ್ಲ?”

“ಏನಿಲ್ಲರಿ ಸರ್. ನಿದ್ದಿ ಆಗಿಲ್ಲ.”

ಎರಡೂ ತಂಡಗಳು ಎರಡೆರಡು ಪಂದ್ಯ ಗೆದ್ದು ಸಮವಾದವು. ಐದನೆಯದು ಸಿಂಗಲ್ಸ್. ಯಾವ ದೇಶಗಳು ಎಂದು ನನಗೆ ಗೊತ್ತು, ಬರೆಯುವುದಿಲ್ಲ. ಒಬ್ಬಳದು ಕೆಂಪು ಅಂಗಿ, ಇನ್ನೊಬ್ಬಳದು ಹಳದಿ. ಇಬ್ಬರಿಗೂ ಇಪ್ಪತ್ತು ದಾಟಿರಲಿಲ್ಲ. ಮೂರನೆಯ ಗೇಮ್. ಇಪ್ಪತ್ತು ಹತ್ತೊಂಬತ್ತು. ಕೆಂಪು ಅಂಗಿಯವಳಿಗೆ ಒಂದು ಪಾಯಿಂಟ್ ಸಿಕ್ಕರೆ ಪಂದ್ಯವೂ ಅವಳದು, ಸೆಮಿಫೈನಲ್ಲೂ ಅವಳ ದೇಶದ್ದು. ಎರಡೂ ಕಡೆಯ ತಂಡದವರು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ನಿಂತುಬಿಟ್ಟಿದ್ದರು. ನಾಹಿದ ಮೇಡಂ ಮಂಡಿಯ ಮೇಲೆ ಕೈ ಊರಿ, ಗೆರೆಯ ಮೇಲೆ ಕಣ್ಣಿಟ್ಟು ಕೂತಿದ್ದರು.

ಹಳದಿ ಅಂಗಿಯವಳು ಶಟಲ್ಲನ್ನು ಎತ್ತರಕ್ಕೆ ಹೊಡೆದಳು. ಅದು ಕೆಂಪು ಅಂಗಿಯವಳ ತಲೆ ದಾಟಿ ಹಿಂದಿನ ಗೆರೆಯತ್ತ ಇಳಿಯತೊಡಗಿತು. ಕೆಂಪು ಅಂಗಿಯವಳು ಬ್ಯಾಟು ಕೆಳಗಿಳಿಸಿ ಬಿಟ್ಟುಬಿಟ್ಟಳು, ಹೊರಗೆ ಹೋಗುತ್ತದೆ ಎಂದು. ಆಗಲೇ ಮಿಂಚು ಹೊಡೆಯಿತು. ಈ ಸಲ ಅದರ ಬೆನ್ನಿಗೇ ಎಡಗಣ್ಣಿನೊಳಗೆ ಮೇಲಿನಿಂದ ಕರಿ ಮಸಿ ಉದುರತೊಡಗಿತು, ಬಾಣಲೆಯ ತಳ ಕೆರೆದ ಹಾಗೆ. ಅವರು ಬೆಚ್ಚಿ ರೆಪ್ಪೆ ಬಿಗಿದರು. ತೆರೆದಾಗ ಶಟಲ್ ಗೆರೆಯಿಂದ ನಾಲ್ಕು ಬೆರಳು ಆಚೆ ಅಲುಗಾಡದೆ ಬಿದ್ದಿತ್ತು. ಗೆರೆಯ ಮೇಲೆ ಬಿದ್ದು ಜಾರಿದ್ದೋ, ಆಚೆಯೇ ಬಿದ್ದದ್ದೋ?

ಕೆಂಪು ಅಂಗಿಯವಳು ಇವರತ್ತ ತಿರುಗಿದಳು. ಹಳದಿ ಅಂಗಿಯವಳೂ ತಿರುಗಿದಳು. ಅಂಪೈರ್ ತಿರುಗಿದರು. ಇಡೀ ಕ್ರೀಡಾಂಗಣವೇ ತಿರುಗಿದ ಹಾಗಾಯಿತು. “ಕೈ ತಾನಾಗೇ ಅಗಲಾಕ ಹೊಂಟಿತ್ತು ನೋಡ್ರಿ,” ಎಂದರು ನನಗೆ. “ಔಟ್ ಅಂದ್ರ ಯಾರೂ ಕೇಳತಿದ್ದಿಲ್ಲ. ಆಚಿನೇ ಬಿದ್ದಿತ್ತಲ್ಲ. ನನಗ ಧಾರವಾಡದ ಹುಡುಗಿ ನೆನಪಾಗಲಿಲ್ಲ, ದೇವರೂ ನೆನಪಾಗಲಿಲ್ಲ. ಅಂಜಿಕಿ ಅಷ್ಟೇ ಇತ್ತು. ಈಗ ಸುಳ್ಳು ಹೇಳಿದ್ರ ಈ ಕುರ್ಚಿ ಮ್ಯಾಲಿಂದ ಏಳಾಕ ಆಗಂಗಿಲ್ಲ ಅನ್ನೂ ಅಂಜಿಕಿ.”

ಅವರು ಎರಡೂ ಅಂಗೈ ಎತ್ತಿ ಕಣ್ಣು ಮುಚ್ಚಿಕೊಂಡರು.

ಮುಚ್ಚಿದ ಕಣ್ಣಿನೊಳಗೂ ಮಿಂಚು ನಿಂತಿರಲಿಲ್ಲ. ಗ್ಯಾಲರಿಯಿಂದ ಕೂಗು ಎದ್ದದ್ದು ಕೇಳಿಸಿತು. ಮರುಪರಿಶೀಲನೆಯ ಕ್ಯಾಮೆರಾ ಇದ್ದದ್ದು ಮೊದಲನೆಯ ಅಂಕಣದಲ್ಲಿ ಮಾತ್ರ. ತಾನೂ ನಿರ್ಧರಿಸಲಾರೆ ಎಂದು ಅಂಪೈರ್ ‘ಲೆಟ್’ ಕೊಟ್ಟರು: ಆ ಪಾಯಿಂಟ್ ಮತ್ತೆ ಆಡಬೇಕು. ಕೆಂಪು ತಂಡದ ಕೋಚ್ ಎದ್ದು ನಿಂತು ನಾಹಿದ ಮೇಡಂ ಕಡೆ ಬೆರಳು ಮಾಡಿ ಏನೋ ಕೂಗಿದರು. ಭಾಷೆ ತಿಳಿಯದಿದ್ದರೂ ಮಾತು ತಿಳಿಯಿತು.

ಅವರು ಕೈ ಇಳಿಸಿ, ಮತ್ತೆ ಒಂದು ಕೈ ಎತ್ತಿ ಅಂಪೈರನ್ನು ಕರೆದರು. ತಮಗೆ ಬಂದ ಇಂಗ್ಲಿಷಿನಲ್ಲಿ, ನನ್ನ ಒಂದು ಕಣ್ಣು ಕಾಣುತ್ತಿಲ್ಲ, ನನ್ನನ್ನು ಬದಲಿಸಿ ಎಂದರು. ರೆಫರಿ ಬಂದರು. ಅಂಬರಾಯ ಸರ್ ಅವರನ್ನು ಕರೆಸಿ ಆ ಕುರ್ಚಿಯಲ್ಲಿ ಕೂರಿಸಿದರು. ಅಂಕಣದ ಅಂಚಿನಿಂದ ಬಾಗಿಲವರೆಗೆ ಮೂವತ್ತು ಹೆಜ್ಜೆ ಇರಬಹುದು. ಸಾವಿರಾರು ಜನರ ಮುಂದೆ, ಒಂದು ಕಣ್ಣಿನಲ್ಲಿ ಮಸಿ ಸುರಿಯುತ್ತಿರುವಾಗ, ಗೋಡೆ ಎಲ್ಲಿದೆ ಎಂದು ಕೈಯಿಂದ ತಡವುತ್ತ ನಡೆದರು.

ಕ್ರೀಡಾಂಗಣದ ವೈದ್ಯರು ಟಾರ್ಚ್ ಬಿಟ್ಟು ನೋಡಿ ತಡಮಾಡದೆ ಕಾರಿನಲ್ಲಿ ಕಣ್ಣಿನ ಆಸ್ಪತ್ರೆಗೆ ಕಳಿಸಿದರು. ಕಣ್ಣಿನ ಪರದೆ ಒಂದು ಕಡೆ ಹರಿದಿತ್ತು, ಕಳಚಿರಲಿಲ್ಲ. ಸಂಜೆಯೊಳಗೆ ಲೇಸರಿನಿಂದ ಹರಿದ ಜಾಗದ ಸುತ್ತ ಬೆಸೆದರು. ಒಂದು ದಿನ ತಡವಾಗಿದ್ದರೆ ಕಣ್ಣು ಹೋಗುತ್ತಿತ್ತು ಎಂದರು. ಲೇಸರಿಗೆ ಮುಂಚೆ ಆಸ್ಪತ್ರೆಯಿಂದ ನನಗೆ ಫೋನ್ ಬಂದಾಗ ನಾನು ಹತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಚಾಕ್‌ಪೀಸ್ ಹಿಡಿದೇ ವರಾಂಡಕ್ಕೆ ಬಂದೆ. ಇಮ್ರಾನ್‌ಗೆ ಹೇಳಬೇಕಾದವಳು ನಾನೇ ಆಗಿದ್ದೆ.

ಇಮ್ರಾನ್ ಸಿಕ್ಕ ಗಾಡಿ ಹತ್ತಿ ಹೋದರು. ಆಸ್ಪತ್ರೆಯಲ್ಲಿ ಹೆಂಡತಿಯ ಕೈ ಹಿಡಿದು, ತಮ್ಮ ಮನೆಮಾತಿನಲ್ಲಿ “ಡರೋ ನಕ್ಕೋ” ಎಂದರಂತೆ, ಹೆದರಬೇಡ ಎಂದು. ಅದೊಂದೇ ಮಾತು. ಆಮೇಲೆ ಎರಡು ದಿನ ಮಾತು ಬಿಟ್ಟರು. ನನ್ನ ಜೊತೆ ಎರಡು ತಿಂಗಳು. ಒಮ್ಮೆ ವಾಡಿ ಸ್ಟೇಷನ್ನಿನಲ್ಲಿ ಎದುರಾದಾಗ, “ಕಣ್ಣು ಹೋಗಿದ್ರ ನೀವು ಏನ್ ಹೇಳತಿದ್ರಿ ಮೇಡಂ?” ಎಂದು ಕೇಳಿದರು.

ಆ ಪಂದ್ಯವನ್ನು ಹಳದಿ ಅಂಗಿಯವಳು ಗೆದ್ದಳು, ಇಪ್ಪತ್ತನಾಲ್ಕು ಇಪ್ಪತ್ತೆರಡು. ಅಂಬರಾಯ ಸರ್ ಆಸ್ಪತ್ರೆಗೆ ಬಂದಾಗ ನಾಹಿದ ಮೇಡಂ ಕೇಳಿದ ಮೊದಲ ಪ್ರಶ್ನೆ, “ಆ ಶಟಲ್ ಔಟ್ ಇತ್ತೇನ್ರಿ ಸರ್?” ಎಂದು.

“ನಾ ಕಂಡಿಲ್ಲರಿ. ಕಂಡೋರು ಯಾರೂ ಸಿಗಲಿಲ್ಲ,” ಎಂದರು ಅವರು.

ಮರುದಿನ ರೆಫರಿಯೂ ಬಂದಿದ್ದರು. ಕಾಣಲಿಲ್ಲವೆಂದು ಒಪ್ಪಿದ್ದು ಸರಿ, ಅದಕ್ಕೆ ಯಾರೂ ತಪ್ಪು ಹೊರಿಸುವಂತಿಲ್ಲ ಎಂದರು. ಆಮೇಲೆ, ಮೊದಲ ಮಿಂಚು ಬಂದದ್ದು ಯಾವಾಗ ಎಂದು ಕೇಳಿದರು. ನಾಹಿದ ಮೇಡಂಗೆ ಅಂಕಣಕ್ಕಿಂತ ಅಲ್ಲೇ ಹೆಚ್ಚು ಹೆದರಿಕೆಯಾಯಿತಂತೆ. “ಬೆಳಿಗ್ಗೆ, ಪಂದ್ಯ ಶುರುವಾಗುವ ಮೊದಲು,” ಎಂದರು. ರೆಫರಿ ಅದನ್ನೂ ಬರೆದುಕೊಂಡು ಹೋದರು. ಮುಂದಿನ ಎರಡು ವರ್ಷ ದೊಡ್ಡ ಪಂದ್ಯಗಳಿಗೆ ಅವರಿಗೆ ಕರೆ ಬರಲಿಲ್ಲ. ಯಾಕೆಂದು ಅವರು ಕೇಳಲಿಲ್ಲ.

ಈ ಜೂನ್‌ನಲ್ಲಿ ಬಲಗಣ್ಣಿನ ಪರದೆಯಲ್ಲೂ ತೆಳುವಾದ ಜಾಗವೊಂದು ಸಿಕ್ಕಿ, ಅಲ್ಲಿಗೂ ಲೇಸರ್ ಮಾಡಬೇಕು ಎಂದು ಡಾಕ್ಟರು ಹೇಳಿದರು. ಈ ಸಲ ನಾಹಿದ ಮೇಡಂ ಗಂಡನಿಗೆ ಅದೇ ದಿನ ಹೇಳಿದ್ದರು. ಇಮ್ರಾನ್ ತಾವೇ ನನಗೂ ಫೋನ್ ಮಾಡಿ, “ನೀವೂ ಬರ್ರಿ ಮೇಡಂ, ಆಕಿ ಭಾಳ ಅಂಜ್ಯಾಳ,” ಎಂದರು. ಮೂವರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತೆವು. ನಡುವೆ ಕೂತ ನಾಹಿದ ಮೇಡಂ ಒಂದು ಕೈಯಿಂದ ಗಂಡನ ತೋಳು, ಇನ್ನೊಂದು ಕೈಯಿಂದ ನನ್ನ ಸೀರೆಯ ಸೆರಗು ಬಿಗಿಯಾಗಿ ಹಿಡಿದಿದ್ದರು. ಸರದಿಯಲ್ಲಿ ಅವರ ಮುಂದೆ ಇನ್ನೂ ಆರು ಜನರಿದ್ದರು.