ಅಣ್ಣನ ಹೆಸರಿನಲ್ಲಿ

ಪಿಪೆಟ್‌ನ ಹನಿ ಟ್ಯೂಬಿನೊಳಗೆ ಬೀಳಲಿಲ್ಲ. ಅಂಚಿಗೆ ತಗುಲಿ ಹೊರಗೆ ಜಾರಿ, ನನ್ನ ಗ್ಲೌಸಿನ ಹೆಬ್ಬೆರಳ ಬಳಿ ನಿಂತಿತು. ಸೀರಮ್, ಹತ್ತು ಮೈಕ್ರೋಲೀಟರ್. ಇನ್ನೊಮ್ಮೆ ತೆಗೆದುಕೊಂಡೆ. ಅದೂ ಹೊರಗೇ ಬಿತ್ತು.

ಕೈ ನಡುಗುತ್ತಿತ್ತು.

ನಾನು ಚಾಮರಾಜನಗರದ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಬಯೋಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಿದ್ದೇನೆ. ಗೆಟ್ಟವಾಡಿಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ಅಪ್ಪ ತೀರಿಕೊಂಡಿದ್ದಾರೆ. ಮನೆಯಲ್ಲಿ ಅವ್ವ, ಅಣ್ಣ ಮಾದೇಶ, ನಾನು. ಮಾಂಸ, ಮದ್ಯ ಹೊಸ್ತಿಲು ದಾಟದ ಮನೆ ನಮ್ಮದು. ಲಿಂಗಪೂಜೆ ಮುಗಿಯದೆ ಅವ್ವ ನೀರನ್ನೂ ಕುಡಿಯುವುದಿಲ್ಲ. ನಾನು ಕುಡಿಯಲು ಶುರುಮಾಡಿದ್ದು ಮೈಸೂರಿನ ಲೇಡೀಸ್ ಹಾಸ್ಟೆಲಿನಲ್ಲಿ, ನಿದ್ದೆ ಬರಲೆಂದು. ನಾಲ್ಕು ವರ್ಷ ಕಳೆಯುವ ಹೊತ್ತಿಗೆ ಎದ್ದು ಕೂರಲೂ ಅದು ಬೇಕಾಗಿತ್ತು. ಎಲ್ಲಿ ಕೊಳ್ಳುತ್ತಿದ್ದೆ, ಎಲ್ಲಿ ಬಚ್ಚಿಡುತ್ತಿದ್ದೆ ಎಂಬುದನ್ನು ಬರೆಯುವುದಿಲ್ಲ.

ಆ ದಿನ ಎಲ್ಲರೂ ಊಟಕ್ಕೆ ಹೋದಾಗ ನನ್ನ ರಕ್ತ ನಾನೇ ತೆಗೆದೆ. ಲೇಬಲ್ಲಿನ ಮೇಲೆ ಮಾದೇಶ, ಗಂಡು, ಮೂವತ್ತು ಎಂದು ಬರೆದೆ.

ರಿಪೋರ್ಟ್ ನೋಡಿದ ಡಾಕ್ಟರು ಮಾದೇಶ ಯಾರೆಂದು ಕೇಳಿದರು. ಅಣ್ಣ ಎಂದೆ.

"ಲಿವರ್ ಎನ್‌ಜೈಮ್ಸ್ ಎಷ್ಟು ಏರಿವೆ ನೀವೇ ನೋಡಿದ್ದೀರಲ್ಲ. ಕುಡಿತ ಒಮ್ಮೆಲೇ ಬಿಡಿಸೋಕೆ ಹೋಗ್ಬೇಡಿ, ಫಿಟ್ಸ್ ಬರಬಹುದು. ಕರ್ಕೊಂಡು ಬನ್ನಿ, ಅಡ್ಮಿಟ್ ಮಾಡೋಣ."

ಕುಡಿತ ಬಿಟ್ಟವರ ಗುಂಪೊಂದು ನಮ್ಮೂರಿಗೆ ಹತ್ತಿರದ ತಾಳವಾಡಿಯಲ್ಲೇ ಸೇರುತ್ತದೆಂದು ಹೇಳಿ ಒಂದು ಫೋನ್ ನಂಬರನ್ನೂ ಕೊಟ್ಟರು. ಭಾನುವಾರ, ಮಧ್ಯಾಹ್ನ ಮೂರಕ್ಕೆ.

ಎರಡು ಭಾನುವಾರ ಬಾಗಿಲವರೆಗೆ ಹೋಗಿ ವಾಪಸಾದೆ. ಮೂರನೆಯ ಸಲ ಒಳಗೆ ಹೋದೆ. ಅದೊಂದು ಟ್ಯೂಷನ್ ಕೊಠಡಿ. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಲಾಗದೆ ಏಳು ಗಂಡಸರು ಕೂತಿದ್ದರು. ಹಿರಿಯರಾದ ಪುಟ್ಟಮಾದಯ್ಯ ತಿಗನಾರೆಯವರು, ಗಾರೆ ಕೆಲಸದವರು.

"ಬಾವ್ವ. ಯಾರ್‌ಗೆ? ಯಜಮಾನ್ರಿಗಾ?" ಎಂದು ಕೇಳಿದರು.

ನನಗೆ ಎಂದಷ್ಟೇ ಹೇಳಬೇಕಿತ್ತು. ಏಳೂ ಜನ ಕರುಣೆಯಿಂದ ಕಾಯುತ್ತಿದ್ದರು.

"ಅಣ್ಣನಿಗೆ" ಎಂದೆ.

"ನಾನೂ ಮೊದ್ಲು ಎಡ್ತಿನೇ ಕಳಿಸ್ದಿ ಕಣವ್ವ" ಎಂದ ಮೂಲೆಯಲ್ಲಿದ್ದ ಒಬ್ಬ. "ಅವ್ಳು ಇಲ್ಲಿ ಕುಂತು ಬುದ್ಧಿ ಕಲ್ತಳು, ನಾನು ಅಂಗ್ಡಿ ಮುಂದೆ ನಿಂತಿದ್ದಿ."

ಎಲ್ಲರೂ ನಕ್ಕರು. ಪುಟ್ಟಮಾದಯ್ಯ ಯಾವೂರು, ಯಾರ ಮನೆ ಎಂದು ಕೇಳಿದರು. ಹಿರಿಯರು ಹಾಗೆ ಕೇಳಿದರೆ ಅಪ್ಪನ ಹೆಸರು ಹೇಳುವುದು ಇಲ್ಲಿಯ ರೂಢಿ. ಯೋಚಿಸದೆ ಹೇಳಿಬಿಟ್ಟೆ.

"ಇಲ್ಲಿ ಏಳಿದ್ದು ಇಲ್ಲೇ ಇರ್ತದ. ಅಂಜ್‌ಬ್ಯಾಡ" ಎಂದರು.

ಒಂದು ಗಂಟೆ ಕೇಳುತ್ತಾ ಕೂತೆ. ಒಬ್ಬೊಬ್ಬರೂ ನನ್ನ ಬೆಳಗುಗಳನ್ನೇ ತಮ್ಮವೆಂದು ಹೇಳುತ್ತಿದ್ದರು. ಮನೆಗೆ ಬಂದು ಕುಡಿದೆ.

ಇದನ್ನು ಬರೆಯುತ್ತಿರುವುದು ಆಸ್ಪತ್ರೆಯ ವಾರ್ಡಿನಲ್ಲಿ. ಕುಡಿಯದೆ ಹನ್ನೊಂದನೆಯ ದಿನ. ಪಕ್ಕದ ಬೆಡ್ಡಿನ ಹೆಂಗಸು ಇಲ್ಲಿಗೆ ಸೇರಿರುವುದು ಮೂರನೆಯ ಸಲ. ಆಕೆಯೂ ಮೊದಲ ಸಲ ನನ್ನ ಹಾಗೆಯೇ ದಿನ ಎಣಿಸಿದ್ದಳಂತೆ. ಹನ್ನೆರಡನೆಯ ದಿನದ ಬಗ್ಗೆ ನಾನು ಏನನ್ನೂ ಹೇಳಲಾರೆ. ಅಣ್ಣ ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ ಎಂಬುದಷ್ಟೇ ಗೊತ್ತು.

ನಾನು ಗುಂಪಿಗೆ ಹೋಗಿಬಂದ ವಾರವೇ, ಬುಧವಾರ ಸಂಜೆ ಪುಟ್ಟಮಾದಯ್ಯ ನಮ್ಮ ಮನೆಗೆ ಬಂದರು. ಕಾಯಿಲೆಯವರನ್ನು ನೋಡಲು ಬರುವಂತೆ ಒಂದು ಪೌಂಡು ಬ್ರೆಡ್ಡು, ನಾಲ್ಕು ಮೂಸಂಬಿ ತಂದಿದ್ದರು. ಜಗಲಿಯಲ್ಲಿ ಕೂತು, ಅವ್ವ ನೀರು ತರುವಷ್ಟರಲ್ಲಿ ಅಣ್ಣನ ಕೈ ಹಿಡಿದುಕೊಂಡಿದ್ದರು.

"ನಾಚ್ಕೊಬ್ಯಾಡ ಮಾದೇಸಪ್ಪ. ನಾನು ನಿನ್ಗಿಂತ ಎಚ್ಗೆ ಕುಡ್ದಿವ್ನಿ. ನಿನ್ ತಂಗಿ ಬಂದು ಅಷ್ಟೊತ್ತು ಕುಂತಿದ್ಲು. ಬಾನ್ವಾರ ನೀನೂ ಬಂದ್ಬುಡು."

ಚೊಂಬು ಹಿಡಿದ ಅವ್ವ ಬಾಗಿಲಲ್ಲೇ ನಿಂತರು.

ಅಣ್ಣನಿಗೆ ಹೆಣ್ಣು ನೋಡಲು ಶುಕ್ರವಾರ ಹಾಸನೂರಿಗೆ ಹೋಗುವುದಿತ್ತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ಅವನಿಗೆ ಎಷ್ಟು ದಿನದಿಂದ ಗೊತ್ತಿತ್ತೋ, ನಾನು ಈಗಲೂ ಕೇಳಿಲ್ಲ. ಬಾಯಿ ತೆರೆಯಲು ನನಗೆ ಸಮಯವಿತ್ತು. ಬೇಕಾದಷ್ಟಿತ್ತು.

"ಬತ್ತೀನಿ ಬುಡಿ" ಎಂದ ಅಣ್ಣ.

ನಾನು ಬ್ರೆಡ್ಡು, ಮೂಸಂಬಿ ಎತ್ತಿಕೊಂಡು ಹೋಗಿ ಒಳಗಿಟ್ಟೆ.

ಅವರು ಹೋದ ಮೇಲೆ ಅವ್ವ "ಯಾವತ್ತಿಂದ್ಲಾ?" ಎಂದು ಒಂದೇ ಸಲ ಕೇಳಿದರು. ಅಣ್ಣ ದನ ಕಟ್ಟಲು ಹೋದ. ಅವ್ವ ಹಾಸನೂರಿನವರಿಗೆ ಫೋನ್ ಮಾಡಿಸಿ, ನಾವು ಬರುವುದಿಲ್ಲ ಎಂದರು. ಕಾರಣ ಹೇಳಲಿಲ್ಲ. ಫೋನ್ ಇಟ್ಟ ಮೇಲೆ ನನಗೆ ಹೇಳಿದರು: "ಇನ್ನೊಬ್ರ ಮನೆ ಎಣ್ಮಗ್ಳನ್ನ ತಂದು ಯಾಕವ್ವ ಆಳ್ಮಾಡದು."

ಮರುದಿನ ಬೆಳಿಗ್ಗೆ ಅವ್ವ ಪೂಜೆ ಮುಗಿಸಿ ಒಲೆಯ ಮುಂದೆ ಕೂತಿದ್ದರು. ಹೇಳುವಾಗ ದನಿ ನಡುಗಬಾರದೆಂದು ಎರಡು ಗುಟುಕು ಕುಡಿದು ಅಡುಗೆಮನೆಗೆ ಹೋದೆ.

"ಕುಡಿಯೋದು ಅಣ್ಣ ಅಲ್ಲ ಕಣವ್ವ. ನಾನು."

ಅವ್ವ ತಿರುಗಲಿಲ್ಲ. "ಅವನ್ನ ಉಳ್ಸಕ್ಕೆ ನಿನ್ ಮಯ್ಗೆ ಬಳ್ಕೊಬ್ಯಾಡ. ಎದ್ದೋಗು, ಬಸ್ಸೊತ್ತಾಯ್ತು."

ಇನ್ನೊಮ್ಮೆ ಹೇಳಿದೆ. ನಂಬಲಿಲ್ಲ.

ಎದುರಿಗೆ ಕೂತೆ. ಎರಡು ಕೈಗಳಿಂದ ಅವ್ವನ ಮುಖವನ್ನು ನನ್ನ ಕಡೆಗೆ ತಿರುಗಿಸಿಕೊಂಡು, ಹತ್ತಿರ ಬಾಗಿ, ಉಸಿರು ಬಿಟ್ಟೆ.