ಬಲಗಡೆ ಬಿಟ್ಟ ಜಾಗ

ದೆವ್ವ, ಗಾಳಿ, ಸೋಕು ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದ ಆಸಾಮಿ ನಾನು. ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುವವನು ಕತ್ತಲೆಗೆ ಹೆದರಿದರೆ ಹೊಟ್ಟೆಪಾಡು ನಡೆಯುತ್ತದೆಯೇ? ಅಂಥವನಿಗೆ ಹಾಡಹಗಲು, ಕೊಟ್ಟಿಗೆ ಮುಂದೆ, ಮನೆಮಂದಿಯ ಎದುರಿಗೇ ಆದ ಸಂಗತಿ ಇದು. ನಂಬಿ ಅಂತ ನಿಮಗೆ ಒತ್ತಾಯ ಮಾಡುವುದಿಲ್ಲ. ನನಗೇ ಇನ್ನೂ ಪೂರಾ ನಂಬಿಕೆ ಬಂದಿಲ್ಲ.

ತೊಂಬತ್ತರ ದಶಕದ ನಡುಭಾಗ. ಕೃಷ್ಣರಾಜಪೇಟೆ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಸ್ಟುಡಿಯೋ ಇತ್ತು. ಲೈಟು, ಫೋಕಸ್ಸು ಎಲ್ಲ ಕರೆಕ್ಟಾಗಿರುತ್ತಿತ್ತು, ಫೋಟೋದಲ್ಲಿ ಜೀವ ಮಾತ್ರ ಇರುತ್ತಿರಲಿಲ್ಲ. ನಾನು ಕ್ಯಾಮರಾ ಎತ್ತಿದರೆ ಸಾಕು, ಮದುವೆ ಗಂಡೂ ಪೊಲೀಸ್ ಸ್ಟೇಷನ್ನಿಗೆ ಬಂದವನ ಹಾಗೆ ಬಿಗಿದುಕೊಂಡು ನಿಲ್ಲುತ್ತಿದ್ದ. "ಸ್ವಲ್ಪ ನಗಿ" ಅಂದರೆ ಇನ್ನಷ್ಟು ಹೆದರುತ್ತಿದ್ದ. ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು. ಭಾವಮೈದ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ ನೋಡಿದ್ದ. ಯುಗಾದಿ ಕಳೆದ ಮೇಲೆ ಸ್ಟುಡಿಯೋಗೆ ಬೀಗ ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. ಮೀಸೆ ಮೂಡುವ ಮುಂಚೆ ಹಿಡಿದ ಕ್ಯಾಮರಾ ಅದು, ಬಿಡಬೇಕಲ್ಲ ಅಂತ ದಿನಾ ಅದನ್ನೇ ಒರೆಸುತ್ತಾ ಕೂರುತ್ತಿದ್ದೆ.

ಆಗಲೇ ಸಿಂಧಘಟ್ಟದ ನಿಂಗಜ್ಜಿಯ ಮನೆಯವರು ಒಂದು ಹಳೇ ಫೋಟೋ ಕಾಪಿ ಮಾಡಿಕೊಡಬೇಕು ಅಂತ ಕರೆಸಿದರು. ಚೌಕಟ್ಟಿಗೆ ಗೆದ್ದಲು ಹತ್ತಿತ್ತು. ಆ ಮನೆಯಲ್ಲಿ ಒಂದು ಪದ್ಧತಿ. ಫೋಟೋದಲ್ಲಿರುವವರು ತೀರಿಕೊಂಡರೆ, ಗಾಜಿನ ಮೇಲೆ ಅವರ ಹಣೆ ಇರುವ ಕಡೆ ಕುಂಕುಮದ ಬೊಟ್ಟು ಇಡುತ್ತಾರೆ. ಗಾಜಿನ ತುಂಬ ಬೊಟ್ಟುಗಳೇ. ಬೊಟ್ಟಿಲ್ಲದ್ದು ಮೂಲೆಯಲ್ಲಿ ನಿಂತ ಲಂಗದ ಹುಡುಗಿ ಒಬ್ಬಳಿಗೇ.

"ಅದು ನಾನೇ ಕಣಪ್ಪ. ಒಂದ್ ಬೊಟ್ಟು ಬಾಕಿ ಅದೆ ನೋಡು," ಅಂತ ನಿಂಗಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಿತು.

ಗಾಜು ಬಿಚ್ಚಿ ಫೋಟೋ ಕೈಗೆ ತಗೊಂಡವನು ಹಾಗೇ ಕೂತುಬಿಟ್ಟೆ. ಅಬ್ಬಾ! ಅಷ್ಟು ಹಳೇ ಫೋಟೋದಲ್ಲಿ ಹಳ್ಳಿಯವರು ಹಲ್ಲು ಕಾಣುವ ಹಾಗೆ ನಕ್ಕಿದ್ದನ್ನು ನೀವು ಕಂಡಿದ್ದೀರಾ? ಇಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಯಜಮಾನರ ರುಮಾಲು ಜಾರಿ ಕಿವಿ ಮೇಲೆ ಕೂತಿತ್ತು. ಕರು ಯಾರದೋ ಸೆರಗು ಅಗಿಯುತ್ತಿತ್ತು. ತೆಗೆದವನು ಸೈಕಲ್ಲಿನಲ್ಲಿ ಊರೂರು ಸುತ್ತುತ್ತಿದ್ದ ಕ್ಯಾಮರಾ ಚಿಕ್ಕಣ್ಣನಂತೆ. ಯಾವೂರವನೋ ಯಾರಿಗೂ ಗೊತ್ತಿಲ್ಲ, ಸತ್ತು ಎಷ್ಟೋ ಕಾಲವಾಗಿದೆ. ಕ್ಯಾಮರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲಿಟ್ಟು ತಾನು ಅದರ ಬಲಕ್ಕೆ ನಿಲ್ಲುತ್ತಿದ್ದನಂತೆ. ಅದಕ್ಕೇ ಎಲ್ಲರ ಕಣ್ಣೂ ಕ್ಯಾಮರಾ ಬಿಟ್ಟು ಅದರ ಪಕ್ಕಕ್ಕೆ ಇದ್ದವು.

ಅವತ್ತಿಂದ ನನಗೆ ಚಿಕ್ಕಣ್ಣನ ಹುಚ್ಚು ಹಿಡಿಯಿತು. ಮದುವೆಗೆ ಅಂತ ಹೋದವನು ಹೆಣ್ಣು ಗಂಡು ಬಿಟ್ಟು ಮನೆಯ ಗೋಡೆ ನೋಡುತ್ತಿದ್ದೆ. ನಾಗಮಂಗಲದ ಒಂದು ಪಾತ್ರೆ ಅಂಗಡಿಯಲ್ಲಿ ಅವನ ಫೋಟೋ ಸಿಕ್ಕಿತು, ಪಾಂಡವಪುರದ ಒಂದು ಮನೆಯಲ್ಲಿ ಸಿಕ್ಕಿತು, ಶ್ರೀರಂಗಪಟ್ಟಣದ ಸಾಬರೊಬ್ಬರ ಮನೆಯಲ್ಲೂ ಸಿಕ್ಕಿತು. ಎಲ್ಲೆಲ್ಲೂ ಅದೇ ನಗು. ಕುಣಿಯುವಷ್ಟು ಖುಷಿಯಾಗುತ್ತಿತ್ತು ನನಗೆ. ಏನು ಹೇಳಿ ನಗಿಸಿದ ಅಂತ ಹಿರಿಯರನ್ನು ಕೇಳಿದರೆ, "ಅದೇನೋ ಅಂದ ಸಾ, ಗ್ಯಾಪ್ನ ಇಲ್ಲ" ಅನ್ನುತ್ತಿದ್ದರು. ಅಷ್ಟು ಅಂದವರು ಅಲ್ಲೇ ನಗುವುದಕ್ಕೆ ಶುರು ಮಾಡುತ್ತಿದ್ದರು.

ಈ ಅಲೆದಾಟದಲ್ಲಿ ಸಿಂಧಘಟ್ಟದ ಕಾಪಿ ಕೊಡುವುದು ತಡವಾಯಿತು. ಯುಗಾದಿ ಹತ್ತಿರ ಬಂದಾಗ ತಗೊಂಡು ಹೋದೆ. "ಏನ್ಲಾ, ನಾನ್ ಸತ್ಮೇಲೆ ಕೊಡವಾ ಅಂತಿದ್ದಾ?" ಅಂತ ಅಜ್ಜಿ ಚೆನ್ನಾಗಿ ಉಗಿಯಿತು. ಉಗಿದ ಮೇಲೆ, ಚಿಕ್ಕಣ್ಣ ತೆಗೆದ ಜಾಗದಲ್ಲೇ ಈಗಿನವರನ್ನೂ ನಿಲ್ಲಿಸಿ ಒಂದು ತೆಗಿ ಅಂತು. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ತಲೆಗೆ ನೀರು ಸವರಿ ಬಾಚಿಕೊಂಡು ಕೊಟ್ಟಿಗೆ ಮುಂದೆ ಅಜ್ಜಿಯ ಸುತ್ತ ನಿಂತರು. ಮಾಮೂಲಿನಂತೆ ಮುಖಗಳೆಲ್ಲ ಬಿಗಿದುಕೊಂಡವು. ಇದೇ ನನ್ನ ಕೊನೇ ಗ್ರೂಪ್ ಫೋಟೋ ಇರಬೇಕು ಅಂದುಕೊಂಡೆ. ನಗಿ ಅಂತ ಹೇಳುವುದಕ್ಕೂ ಹೋಗಲಿಲ್ಲ. ಕ್ಯಾಮರಾ ಕಣ್ಣಿಗಿಟ್ಟುಕೊಂಡೆ.

ಆಗ ಎಲ್ಲರೂ ಒಟ್ಟಿಗೆ ಘೊಳ್ಳೆಂದು ನಕ್ಕರು. ಸೊಸೆಯಂದಿರು ಬಾಯಿಗೆ ಸೆರಗು ಒತ್ತಿಕೊಂಡರು. ದೊಡ್ಡ ಮಗ ಬಗ್ಗಿ ಮಂಡಿ ಹಿಡಿದುಕೊಂಡ. ನನ್ನ ಬೆರಳು ತಾನಾಗಿ ಒತ್ತಿತು.

"ಅದೇನ್ ಅಂದ್ಬುಟ್ರಿ ಸಾ ನೀವು!" ಅಂತ ಆ ಮಗ ಕಣ್ಣು ಒರೆಸಿಕೊಂಡ.

ದೇವರಾಣೆ, ನಾನು ತುಟಿ ಪಿಟಕ್ಕೆನ್ನಿಸಿರಲಿಲ್ಲ. ನಾನೇನಂದೆ ಅಂತ ಒಬ್ಬೊಬ್ಬರನ್ನೂ ಕೇಳಿದೆ. ಒಬ್ಬರಿಗೂ ನೆನಪಿಲ್ಲ, ನಗು ಮಾತ್ರ ನಿಲ್ಲುತ್ತಿಲ್ಲ. ಅಜ್ಜಿ ನನ್ನ ಗಲ್ಲ ಹಿಡಿದು, "ಅವ್ನೂ ಇದ್ನೇ ಅಂದಿದ್ದ ಕಣ್ ಮಗ," ಅಂತು. ಏನಂದಿದ್ದ ಅಂದೆ. "ಓಗ್ಲಾ, ಮರ್ತೋಯ್ತು!"

ಮಾರನೇ ದಿನಕ್ಕೆ ಕಾಯದೆ ಅವತ್ತೇ ಪ್ರಿಂಟು ಹಾಕಿದೆ. ನನ್ನ ಕೈಯಿಂದ ಅಂಥ ಫೋಟೋ ಅದುವರೆಗೂ ಬಂದಿರಲಿಲ್ಲ, ನೋಡುತ್ತಾ ನಾನೂ ಜೋರಾಗಿ ನಕ್ಕೆ. ಆಮೇಲೆ ಗಮನಿಸಿದೆ. ಕ್ಯಾಮರಾ ಇದ್ದದ್ದು ನನ್ನ ಕಣ್ಣಿನ ಮೇಲೆ, ನನ್ನ ಬಲಕ್ಕೆ ಬರೀ ಖಾಲಿ ಅಂಗಳ. ಆದರೂ ಒಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಬಲಕ್ಕೆ, ಅದೇ ಜಾಗಕ್ಕೆ ಇದ್ದವು. ಮೈ ಜುಮ್ಮೆಂದಿತು, ಆದರೆ ಭಯ ಅನ್ನುವುದು ಹತ್ತಿರವೂ ಸುಳಿಯಲಿಲ್ಲ.

ಮುಂದೆ ನಿಂಗಜ್ಜಿ ತೀರಿಕೊಂಡಾಗ ಹಳೇ ಫೋಟೋದ ಕೊನೇ ಬೊಟ್ಟನ್ನೂ ಹೊಸ ಫೋಟೋದ ಮೊದಲನೇ ಬೊಟ್ಟನ್ನೂ ಒಂದೇ ದಿನ ಇಟ್ಟರು. ಎರಡರಲ್ಲೂ ಒಂದೇ ನಗು. ಕಾರ್ಖಾನೆ ಕೆಲಸಕ್ಕೆ ನಾನು ಹೋಗಲಿಲ್ಲ, ಭಾವಮೈದ ಬಹಳ ದಿನ ಮಾತು ಬಿಟ್ಟಿದ್ದ. ಜನರನ್ನು ಅದು ಹೇಗೆ ನಗಿಸುತ್ತೀರಿ ಅಂತ ಈಗ ಬೇರೆ ಸ್ಟುಡಿಯೋದವರು ಕೇಳುತ್ತಾರೆ. ಗೊತ್ತಿದ್ದರೆ ತಾನೇ ಹೇಳುವುದು! ಕ್ಯಾಮರಾ ಎತ್ತುವ ಮುಂಚೆ ಒಂದು ಹೆಜ್ಜೆ ಎಡಕ್ಕೆ ಸರಿದು ನಿಲ್ಲುತ್ತೇನೆ, ಅಷ್ಟೆ. ಪಕ್ಕದಲ್ಲಿ ಇನ್ನೊಬ್ಬರು ನಿಲ್ಲುವಷ್ಟು ಜಾಗ ಇರಲಿ ಅಂತ.